ಆಂಟೆನಾ ತಿರುಗಿಸಿದ ಮಧ್ಯಾಹ್ನ

ಹೊಸ ಟಿವಿಗೆ ವೈಫೈ ಸಾಕು, ಆಂಟೆನಾ ವೈರೇ ಬೇಡ ಎಂದು ಅದನ್ನು ಹಾಕಲು ಬಂದವರು ಹೇಳಿದರೂ, ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂದ ಕೂಡಲೇ ನಾನು ಸ್ವಿಚ್ ಆರಿಸಿಬಿಟ್ಟೆ.

ನಾನು ಚಿಕ್ಕವನಿದ್ದಾಗ ಜಯನಗರದ ಬಾಡಿಗೆ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಚಿತ್ರ ಕದಲಿದರೆ ಅಪ್ಪ ತಾರಸಿ ಹತ್ತಿ ಆಂಟೆನಾ ತಿರುಗಿಸುತ್ತಿದ್ದರು. ಅಮ್ಮ ಟಿವಿ ಮುಂದೆ ನಿಲ್ಲುತ್ತಿದ್ದಳು. ಇಬ್ಬರ ಮಾತು ದಾಟಿಸಲು ಮೆಟ್ಟಿಲ ಮೇಲೆ ನಾನು. ಅಪ್ಪ ನನ್ನ ಮಾತು ಕೇಳುತ್ತಿದ್ದುದು ಆಗ ಮಾತ್ರ.

"ಬಂತೇನೋ?" ಒಂದು ಭಾನುವಾರ ಅಪ್ಪ ಮೇಲಿಂದ ಕೂಗಿದರು.

"ಬಂತು, ಸಾಕು ಅನ್ನೋ," ಎಂದಳು ಅಮ್ಮ ಒಳಗಿನಿಂದ.

"ಇನ್ನೂ ಸ್ವಲ್ಪ ಅಪ್ಪ, ರೋಡ್ ಕಡೆಗೆ!" ಎಂದೆ ನಾನು.

ಚಟ್ ಎಂದಿತು. ಆಂಟೆನಾದ ಕಡ್ಡಿ ಬೀದಿಯ ಕರೆಂಟ್ ತಂತಿಗೆ ತಾಗಿತ್ತು. ಸುಟ್ಟ ವಾಸನೆ ಮೆಟ್ಟಿಲಿಳಿದು ಬಂತು. ಮೇಲೆ ಓಡಿದಾಗ ಅಪ್ಪ ನೀರಿನ ಟ್ಯಾಂಕಿನ ಪಕ್ಕ ಬಿದ್ದಿದ್ದರು. ಅಂಗೈ ಕಪ್ಪಾಗಿತ್ತು, ಕಣ್ಣು ತೆರೆದೇ ಇತ್ತು.

ಎರಡು ದಿನದ ಮೇಲೆ ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ಅಪ್ಪ ಅಮ್ಮನನ್ನು ಕೇಳಿದರು. "ಇನ್ನೂ ಸ್ವಲ್ಪ ಅಂದ್ಯಲ್ಲೇ? ನಿನ್ನ ಸಿನಿಮಾಗೆ ನನ್ನ ಜೀವ ಹೋಗ್ತಿತ್ತು."

"ರೀ, ನಾನು ಸಾಕು ಅಂತಾನೇ ಅಂದೆ. ಇವನ್ನೇ ಕೇಳಿ."

ಇಬ್ಬರೂ ನನ್ನತ್ತ ತಿರುಗಿದರು.

"ನಂಗೆ ಸರಿಯಾಗಿ ಕೇಳಿಸ್ಲಿಲ್ಲ," ಎಂದೆ.

ಮುಂದಿನ ತಿಂಗಳು ಕೇಬಲ್ ಬಂತು. ಯಾರೂ ತಾರಸಿ ಹತ್ತಬೇಕಿರಲಿಲ್ಲ. ಆದರೆ ಗ್ಯಾಸ್ ಆರಿಸಿದೆ, ಬಾಗಿಲು ಹಾಕಿದೆ ಎಂದು ಅಮ್ಮ ಏನು ಹೇಳಿದರೂ ಅಪ್ಪ ಎದ್ದು ಹೋಗಿ ತಾವೇ ನೋಡಿ ಬರುತ್ತಿದ್ದರು. ಅವರು ಎದ್ದಾಗಲೆಲ್ಲ ಅಮ್ಮ ಒಮ್ಮೆ ನನ್ನನ್ನು ನೋಡುತ್ತಿದ್ದಳು, ಅಷ್ಟೇ.