ಚೌಳು ನೆಲದ ಭತ್ತ

ಎರಡು ದೇಶಗಳು ಮಾತು ಬಿಟ್ಟ ಸುದ್ದಿ ಭತ್ತದ ಸಂಶೋಧನಾ ಕೇಂದ್ರಕ್ಕೆ ಒಂದು ಹಾಳೆಯಾಗಿ ಬಂತು. ಕೃಷಿ ಒಪ್ಪಂದ ರದ್ದು. ಅಲ್ಲಿದ್ದ ಪರದೇಶದ ತಜ್ಞರೊಬ್ಬರು ಸಂಜೆಯೊಳಗೆ ಹೊರಡಬೇಕು. ಅವರು ಬೆಳೆಸಿದ ಪೈರನ್ನು ತಿಂಗಳೊಳಗೆ ಸುಡಬೇಕು.

ತಜ್ಞರು ಪೆಟ್ಟಿಗೆ ಕಟ್ಟುವುದು ಬಿಟ್ಟು ಗದ್ದೆಗೆ ಬಂದರು. ಉಪ್ಪು ಹತ್ತಿದ ಚೌಳು ನೆಲದಲ್ಲಿ ಕಾಳು ಕಟ್ಟುವ ಭತ್ತಕ್ಕಾಗಿ ಅವರೂ ಗದ್ದೆ ನೋಡಿಕೊಳ್ಳುವ ಹೆಂಗಸೂ ಒಂಬತ್ತು ವರ್ಷ ಒಂದೇ ಕೆಸರು ತುಳಿದಿದ್ದರು. ಇಲ್ಲಿಯ ಭಾಷೆಯನ್ನು ಅವರು ಕಲಿತದ್ದು ಅವಳಿಂದಲೇ, ಬೈಗುಳ ಸಮೇತ. ಪ್ರತಿ ಸಲವೂ ಪೈರು ಸೊಂಪಾಗಿ ಎದ್ದು, ಕೊನೆಗೆ ಜೊಳ್ಳು ತೋರಿಸಿ ಕೈಕೊಡುತ್ತಿತ್ತು. ಈ ಸಲದ್ದು ಇನ್ನೂ ಹೂವಿನಲ್ಲಿತ್ತು.

"ಕಾಳು ಕಟ್ಟುತ್ತಾ ಅಂತ ನೋಡೋಕಾದ್ರೂ ಬಿಡಬಹುದಿತ್ತು ಅಕ್ಕಾ," ಎಂದರು. ಜೀಪು ಹಾರ್ನ್ ಹೊಡೆಯಿತು.

ಮರುದಿನವೇ ಗದ್ದೆಗೆ ಬೇಲಿ, ಬೇಲಿಗೆ ಬೀಗ. "ಹಸಿ ಪೈರಿಗೆ ಬೆಂಕಿ ಹತ್ತಲ್ಲ ಸಾರ್, ಒಣಗಲಿ," ಎಂದು ಅವಳು ಅಧಿಕಾರಿಯನ್ನು ದಿನ ದಿನವೂ ಸಾಗಹಾಕಿದಳು. ಗಡುವಿನ ಕೊನೆಯ ದಿನ ಅಧಿಕಾರಿಯೇ ಬೀಗ ತೆಗೆಸಿ, ಬೆಂಕಿಪೊಟ್ಟಣ ಅವಳ ಕೈಗೆ ಕೊಟ್ಟು, ವರದಿ ಬರೆಯುತ್ತ ನಿಂತರು. ಅವರು ತಲೆ ಬಗ್ಗಿಸಿದಾಗ ನಾಲ್ಕು ತೆನೆ ಮಡಿಲಿಗೆ ಹಾಕಿಕೊಳ್ಳಬಹುದಿತ್ತು. ಅವಳ ಕೆಲಸ ಕಾಯಂ ಆಗಲು ಇನ್ನೆರಡೇ ತಿಂಗಳಿತ್ತು. ಕೈ ಏಳಲಿಲ್ಲ. ಮೂಲೆ ಮೂಲೆಗೂ ಕಡ್ಡಿ ಗೀರಿದಳು.

ಮೂರು ವರ್ಷದ ಮೇಲೆ ದೇಶಗಳೆರಡೂ ರಾಜಿಯಾದವು. ಹಾರ, ಭಾಷಣ, ಫೋಟೋ. ತಜ್ಞರೂ ಬಂದರು, ತಲೆ ಪೂರ್ತಿ ನರೆತಿತ್ತು. ಊಟದ ಹೊತ್ತಿಗೆ ಯಾರ ಕಣ್ಣಿಗೂ ಬೀಳದೆ ಗದ್ದೆಯ ಕಡೆ ನಡೆದರು. ಅಲ್ಲಿ ಆಳೆತ್ತರ ಹುಲ್ಲು ಬೆಳೆದಿತ್ತು. ಅವಳೂ ಹಿಂದೆಯೇ ಹೋದಳು.

"ಅಕ್ಕಾ, ಏನಾದ್ರೂ ಉಳೀತಾ?"

"ಇಲ್ಲ ಸಾರ್. ನಾಲ್ಕು ತೆನೆ ಮುಚ್ಚಿಡಬಹುದಿತ್ತು. ಹೆದರಿಬಿಟ್ಟೆ."

ಅವರು ಹುಲ್ಲಿನ ಒಂದು ತೆನೆ ಕಿತ್ತು ಬೆರಳಲ್ಲಿ ಹಿಸುಕಿ ನೋಡಿದರು. ಆಮೇಲೆ ಅವಳನ್ನು ಸಮಾಧಾನಪಡಿಸುವ ಹಾಗೆ, "ಹೋಗ್ಲಿ ಬಿಡಿ. ಆ ಸಲವೂ ಜೊಳ್ಳೇ ಆಗಿರುತ್ತೆ," ಎಂದರು.

ಹೂಂ ಅಂದುಬಿಟ್ಟಿದ್ದರೆ ಇಬ್ಬರ ಎದೆಯೂ ಹಗುರಾಗುತ್ತಿತ್ತು. ಆದರೆ ಒಂಬತ್ತು ವರ್ಷದಲ್ಲಿ ಒಂದು ತೆನೆಯ ಬಗ್ಗೆಯೂ ಅವಳು ಅವರಿಗೆ ಸುಳ್ಳು ಹೇಳಿದವಳಲ್ಲ.

"ಇಲ್ಲ ಸಾರ್," ಎಂದಳು. "ಬೆಂಕಿ ಒಳಗಿಂದ ಕಾಳು ಅರಳಾಗಿ ಸಿಡೀತು. ಬೇಲಿ ಆಚೆವರೆಗೂ ಬಂದು ಬಿತ್ತು, ಬೆಳ್ಳಗೆ."