ಮುತ್ಯಾನ ಪಾಲಿನ ತುಂಡು

ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಏಳುತ್ತಿದ್ದ ಸಾಫ್ಟ್‌ವೇರ್ ಕಟ್ಟಡದ ಎರಡನೇ ಮಹಡಿಯಿಂದ ಬಿದ್ದು ಸೂಗಪ್ಪ ಕಾಲು ಮುರಿದುಕೊಂಡ. ಅವತ್ತು ಸಂಜೆಯೊಳಗೆ ಸೈಟಿನ ಹಾಜರಿ ಪುಸ್ತಕದ ಹಾಳೆ ಬದಲಾಯಿತು. ಹೊಸ ಹಾಳೆಯಲ್ಲಿ ಅವನ ಹೆಸರಿರಲಿಲ್ಲ.

ಮೂರು ವಾರ ಕಳೆದು ಒಂದು ಭಾನುವಾರ, ಅವನ ಹೆಂಡತಿ ಯಂಕಮ್ಮ ತಗಡಿನ ಶೆಡ್ಡಿನ ಮುಂದೆ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದಳು. ಮೊಮ್ಮಗಳು ಪಿಂಕಿಗೆ ಬರುವ ವಾರ ವರ್ಷ ತುಂಬುತ್ತದೆ, ಕೌದಿ ಅವಳಿಗೆ. ಯಂಕಮ್ಮನ ತವರಿನಲ್ಲಿ ಕೂಸಿನ ಕೌದಿಗೆ ಅಂಗಡಿಯ ಅರಿವೆ ನಡೆಯುವುದಿಲ್ಲ. ಮನೆಯವರೆಲ್ಲ ಉಟ್ಟು ಬಿಟ್ಟ ಬಟ್ಟೆಯ ಒಂದೊಂದು ತುಂಡು ಬೇಕು, ನಟ್ಟನಡುವೆ ಮುತ್ಯಾನದು, ಅಂದರೆ ಅಜ್ಜನದು. ಮಗಳು ಗಂಗಾಳ ಸೀರೆ, ಅಳಿಯನ ಲುಂಗಿ, ತನ್ನ ಇಳಕಲ್ ಸೆರಗು ಎಲ್ಲ ಸೇರಿದ್ದವು. ಪಿಂಕಿ ಆಗಲೇ ಒಂದು ಮೂಲೆಗೆ ಉಚ್ಚೆ ಹೊಯ್ದು ಅದನ್ನು ತನ್ನದು ಮಾಡಿಕೊಂಡಿದ್ದಳು.

ಮೇಸ್ತ್ರಿ ಕಲ್ಲೇಶ ಅರ್ಧ ಡಜನ್ ಬಾಳೆಹಣ್ಣು ಹಿಡಿದು ಬಂದ. ಇವರನ್ನು ಊರಿಂದ ಕೆಲಸಕ್ಕೆ ಕರೆತಂದವನು ಅವನೇ. ಮೂರು ವಾರ ಬರಿಗೈಯಲ್ಲೂ ಬಾರದವನ ಕೈಯಲ್ಲಿ ಹಣ್ಣು ಕಂಡು, ಇವನು ಏನೋ ಒಯ್ಯಲು ಬಂದಿದ್ದಾನೆ ಅಂದುಕೊಂಡಳು ಯಂಕಮ್ಮ.

“ದೊಡ್ಡಪ್ಪ ಹೆಂಗದಾನ, ದೊಡ್ಡವ್ವ?”

“ಒಂದು ಕಾಲು ಬಿಟ್ಟು ಉಳಿದದ್ದೆಲ್ಲ ಚಲೋ ಐತಿ,” ಒಳಗಿನ ಮಂಚದಿಂದ ಸೂಗಪ್ಪನೇ ಹೇಳಿದ.

ಕಲ್ಲೇಶ ಕುಕ್ಕರಗಾಲಲ್ಲಿ ಕೂತ. “ನಾಳೆ ಲೇಬರ್ ಆಫೀಸರ್ ಬರಾಕತ್ತಾರ. ದೊಡ್ಡಪ್ಪನ ಕಿತ್ತಳಿ ಜಾಕೀಟು ಐತೆಲ್ಲ, ಅದನ್ನ ತರಾಕ ಹೇಳ್ಯಾರ ನಮ್ಮ ಸಾಹೇಬ್ರು. ಕಂಪನಿ ಮಾಲು ಅದು.”

“ನಾ ಅಲ್ಲಿ ಕೆಲಸಕ್ಕೇ ಇರಲಿಲ್ಲಂತಲ್ಲೋ,” ಒಳಗಿಂದ ದನಿ ಬಂತು. “ಇಲ್ಲದವಗ ಜಾಕೀಟು ಯಾರು ಕೊಟ್ರು?”

ಕಲ್ಲೇಶ ಕುತ್ತಿಗೆ ಕೆರೆದುಕೊಂಡ. ಯಂಕಮ್ಮ ಕೌದಿಯನ್ನು ಅವನ ಕಡೆ ಹೊರಳಿಸಿದಳು. ನಟ್ಟನಡುವೆ ಕಿತ್ತಳೆ ತುಂಡು, ಅದರ ಮೇಲೆರಡು ಮಿಂಚುವ ಪಟ್ಟಿ, ಪಟ್ಟಿಗಳ ನಡುವೆ ಕಂಪನಿಯ ಹೆಸರು, ಕೆಳಗೆ ಸೂಗಪ್ಪನ ಹಾಜರಿ ನಂಬರ್ ೨೧೪. ಬಿಸಿಲಿಗೆ ಪಟ್ಟಿ ಫಳಕ್ಕೆಂದಿತು. ಪಿಂಕಿ ಅದನ್ನು ಹಿಡಿಯಲು ತೆವಳಿ ಬಂದಳು.

“ಹರಿದು ಕೌದಿಗೆ ಹಾಕಿಬಿಟ್ಟೆಲ್ಲ, ದೊಡ್ಡವ್ವ.”

“ಅವನ ಧೋತರ ದವಾಖಾನ್ಯಾಗ ಕತ್ತರಿಸಿ ಒಗದ್ರು. ಮುತ್ಯಾಂದು ಅಂತ ಉಳಿದದ್ದು ಇದೊಂದ. ನಂಬರ್ ಎಲ್ಲೈತಿ ಅಂತ ಗಂಗಾ ಓದಿ ತೋರಿಸಿದ್ಲು. ಅದಕ್ಕ ಕತ್ತರಿ ತಾಗಿಸಿಲ್ಲ.”

ಆಫೀಸರಿಗೆ ತೋರಿಸಲೆಂದೇ ನಂಬರ್ ಉಳಿಸಿದ್ದಾರೆ ಎಂದು ಕಲ್ಲೇಶನಿಗೆ ಈಗ ಪೂರಾ ತಿಳಿಯಿತು. ಜೇಬಿನಿಂದ ಬ್ಲೇಡ್ ತೆಗೆದು ಅವಳ ಮುಂದಿಟ್ಟ. “ಬಿಚ್ಚಿ ಕೊಡು. ಪಿಂಕಿಗೆ ಹೊಸಾ ಬ್ಲಾಂಕೆಟ್ ಕೊಡಸ್ತಾರಂತ. ಬೇಗಂಪೇಟಿ ದೊಡ್ಡ ಅಂಗಡ್ಯಾಂದು. ಮ್ಯಾಲೆ ಕರಡಿ ಚಿತ್ರ ಇರತೈತಿ.”

“ಆ ಕರಡಿ ನಮಗ ಏನಾಗಬೇಕೋ?” ಅಂದ ಸೂಗಪ್ಪ.

ಯಂಕಮ್ಮನಿಗೆ ನಗು ತಡೆಯಲಿಲ್ಲ. ಕಲ್ಲೇಶನಿಗೂ ಬಂತು, ನುಂಗಿಕೊಂಡ. “ನಗಬ್ಯಾಡ, ದೊಡ್ಡವ್ವ. ಬರಿಗೈಲೆ ಹೋದ್ರ ನನ್ನ ಹೆಸರೂ ಹಾಳ್ಯಾಗ ಇರಂಗಿಲ್ಲ.”

“ಹಂಗಾದ್ರ ನಿನ್ನ ಜಾಕೀಟೂ ಜ್ವಾಕಿ ಇಟ್ಕೋ,” ಅಂದಳು ಯಂಕಮ್ಮ. ಬ್ಲೇಡ್ ಎತ್ತಿಕೊಂಡು ರೀಲಿನಿಂದ ಉದ್ದನೆಯ ದಾರ ಕೊಯ್ದಳು. ಸೂಜಿ, ದಾರ ಎರಡನ್ನೂ ಅವನ ಕೈಗಿಟ್ಟಳು. “ನನ್ನ ಕಣ್ಣು ಮಂಜು. ಪೋಣಿಸು.”

ಅವನವ್ವನೂ ಕೌದಿ ಹೊಲಿಯುವವಳೇ. ಕಲ್ಲೇಶನ ಕೈ ಹಳೇ ರೂಢಿಯಿಂದ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಬಿಸಿಲಿಗೆ ಹಿಡಿದು, ಒಂದೇ ಸಲಕ್ಕೆ ಪೋಣಿಸಿ ಕೊಟ್ಟಿತು.

“ಬಿಚ್ಚೂದಿಲ್ಲ, ತಮ್ಮಾ,” ಅಂದು ಯಂಕಮ್ಮ ಆ ದಾರದಿಂದಲೇ ೨೧೪ರ ಸುತ್ತ ಇನ್ನೊಂದು ಸಾಲು ಹೊಲಿಗೆ ಹಾಕತೊಡಗಿದಳು.