ಹುಳದ ಕೋಣೆ

ದೀಪುವನ್ನು ಗುಂಪಿನಿಂದ ಹೊರಹಾಕುವ ಗುಂಡಿಯ ಮೇಲೇ ರಮ್ಯಾಳ ಬೆರಳಿತ್ತು. ಒತ್ತಲಿಲ್ಲ. ಭಾನುವಾರ ಎಲ್ಲರೆದುರು ಅವನ ಮುಖಕ್ಕೆ ಹೇಳಿಯೇ ಒತ್ತುವುದೆಂದು ಹಲ್ಲು ಕಚ್ಚಿ ಕೂತಳು.

ಗುಂಪು ಕಟ್ಟಿದ್ದು ಇಬ್ಬರೂ ಸೇರಿ. ಹಾರೋಹಳ್ಳಿಯ ಕಾರ್ಖಾನೆಗಳಲ್ಲಿ, ರಾಮನಗರದ ಕಂಪ್ಯೂಟರ್ ಸೆಂಟರುಗಳಲ್ಲಿ ಪ್ರೋಗ್ರಾಮ್ ಬರೆಯುವವರು ಇಂಟರ್ನೆಟ್ಟಿನಲ್ಲಿ ಕನ್ನಡದಲ್ಲೇ ಮಾತಾಡಿಕೊಳ್ಳುವ, ಯಾರು ಬೇಕಾದರೂ ಹುಡುಕಿ ಒಳಬರಬಹುದಾದ ಜಾಗ ಅದು. ವರ್ಷ ತುಂಬುವಷ್ಟರಲ್ಲಿ ಸಂತೆಯಾಯಿತು. ಡೇಟಾಬೇಸಿನ ಪ್ರಶ್ನೆಗೆ ಪ್ರಿಂಟರಿನ ಉತ್ತರ. ರಮ್ಯಾ ವಿಷಯಕ್ಕೊಂದು ಕೋಣೆ ಮಾಡಿ, ಅಚ್ಚಗನ್ನಡದ ಹೆಸರಿಟ್ಟಳು. ಪ್ರೋಗ್ರಾಮಿನ ತಪ್ಪುಗಳಿಗೆ, ಎಲ್ಲರೂ ಬಗ್ ಎನ್ನುವುದಕ್ಕೆ, ಹುಳದ ಕೋಣೆ. ಅರಸನ ಸಿಂಹಾಸನವನ್ನು ಒಳಗಿಂದಲೇ ಕೊರೆದು, ಅವನು ಒಮ್ಮೆ ಸೀನಿದ್ದಕ್ಕೇ ಕುಸಿದುಬೀಳುವಂತೆ ಮಾಡಿದ ಹುಳದ ಕಥೆಯನ್ನು ಅಜ್ಜಿಯ ತೊಡೆಯ ಮೇಲೆ ಕೇಳಿದವಳಿಗೆ ಬೇರೆ ಹೆಸರು ಹೊಳೆಯಲಿಲ್ಲ. ಕೋಣೆಯ ಬಾಗಿಲಲ್ಲೇ ಬರೆದಳು: "ಹುಳದ ತೊಂದರೆಯೇ? ಗಾಬರಿ ಬೇಡ. ಮೊದಲು ಎಲ್ಲವನ್ನೂ ಆರಿಸಿ. ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಹೊಸದಾಗಿ ಶುರು ಮಾಡಿ."

ದೀಪು ಮೂಗು ಮುರಿದ. "ಒಸಿ ಯೋಚ್ನೆ ಮಾಡಮ್ಮಿ. ಹುಳ ಅಂತ ಯಾರ್ ಹುಡುಕ್ತಾರೆ? ಭಾನುವಾರ ಎಲ್ರೂ ಕೈ ಎತ್ಲಿ. ನೀನು ಸೋತ್ರೆ ಕೋಣೆಗಳ್ನೆಲ್ಲ ಕಿತ್ತಾಕ್ತೀನಿ."

ಸೋತರೆ ಗುಂಪೂ ಅವನದೇ. ಅವಳು ಹತ್ತರ ಜೊತೆ ಹನ್ನೊಂದನೆಯವಳು.

ಆ ವಾರವೇ 'ದೊಡ್ಡಮಳೂರು' ಎಂಬ ಹೆಸರಿನಲ್ಲಿ ಯಾರೋ ಹುಳದ ಕೋಣೆಗೆ ನುಗ್ಗಿದರು. "ಈ ಚಳೀಲಿ ನಿನ್ ಮಾತ್ ಕೇಳಿ ಎಲ್ಲಾ ಆರಿಸ್ದೆ. ಈಗ ಒಂದು ಹುಳಾನೂ ಉಳಿದಿಲ್ಲ. ಆಯ್ತಾ ಸಂತೋಸ?"

ದೀಪುವಿನ ಊರು ದೊಡ್ಡಮಳೂರೇ. ಹೊಗಳಿದಂತೆ ಮಾಡಿ ಚುಚ್ಚುವುದೂ ಅವನದೇ ಚಾಳಿ. ರಮ್ಯಾ ಉರಿದುಬಿದ್ದಳು. ಅದೇ ಧಾಟಿಯಲ್ಲಿ ತಿರುಗಿಸಿ ಕೊಟ್ಟಳು: "ಹುಳ ಹೋದರೆ ಸಿಹಿ ಹಂಚಬೇಕು. ಅಳುವುದೇಕೆ?"

ಒಡನೆಯೇ ಉತ್ತರ ಬಂತು. "ಈ ಮಾತ ನನ್ ಎದುರ್ಗೆ ನಿಂತು ಹೇಳು. ಎಲ್ ಸಿಗ್ತೀಯ?"

ಭಾನುವಾರ ಗುಂಪಿನವರು ಸೇರುವ ಜಾಗವನ್ನು, ರಾಮನಗರ ಬಸ್ ನಿಲ್ದಾಣದ ಪಕ್ಕದ ಹೋಟೆಲನ್ನು, ಅವಳು ಬರೆದುಹಾಕಿದಳು. ಬರಲಿ. ಬಾರದೆ ಎಲ್ಲಿ ಹೋಗುತ್ತಾನೆ?

ಬಂದ. ಕೈ ಎತ್ತುವ ಮೊದಲೇ ರಮ್ಯಾ ಎದ್ದು, ಕಳ್ಳ ಹೆಸರಿನಲ್ಲಿ ಬಂದು ಕೋಣೆ ಕೆಡಿಸಿದವನು ಇವನೇ ಎಂದಳು. ದೀಪು ಮೊದಲು ನಕ್ಕ. ಆಮೇಲೆ ಮುಖ ಕಪ್ಪಿಟ್ಟಿತು. ತಾನಲ್ಲವೆಂದು ತಾಯಿಯಾಣೆ ಇಟ್ಟ. ಹೇಡಿಗಳೇ ಆಣೆ ಇಡುವುದು ಎಂದಳು ಅವಳು. ಯಾರೂ ಅವನ ಕಡೆ ನೋಡಲಿಲ್ಲ. ಕೈಗಳು ಎದ್ದವು, ರಮ್ಯಾಳ ಪರ.

"ಕೋಣೆ ನೀನೇ ಇಟ್ಕೊ," ಎಂದು ದೀಪು ಕುರ್ಚಿ ತಳ್ಳಿದ. "ಇನ್ಮೇಲೆ ನನ್ ಮುಖ ನೋಡ್ಬ್ಯಾಡ."

ಅವನು ಇಳಿದುಹೋದ ಮೆಟ್ಟಿಲಲ್ಲೇ, ತಾಳಿಯ ಅರಿಶಿನ ಇನ್ನೂ ಮಾಸದ ಹುಡುಗಿಯೊಬ್ಬಳು ಏರಿ ಬಂದಳು. ಕಣ್ಣು ಊದಿಕೊಂಡಿದ್ದವು. ಹುಳದ ಕೋಣೆಯವರು ಯಾರೆಂದು ಕೇಳಿದಳು. ಗೆದ್ದ ಹುಮ್ಮಸ್ಸಿನಲ್ಲಿ ರಮ್ಯಾ ತಾನೇ ಎಂದಳು. ಹುಡುಗಿ ಮೇಜಿನ ಮೇಲೆ ಬಿದಿರು ತಟ್ಟೆಯೊಂದನ್ನು ಇಳಿಸಿ, ಮುಚ್ಚಿದ್ದ ಬಟ್ಟೆ ಸರಿಸಿದಳು.

"ಈ ಚಳೀಲಿ ಇದ್ದಿಲೊಲೆ ಆರಿಸಿದ್ಮೇಲೆ ರೇಷ್ಮೆಹುಳ ಬದುಕ್ತವೇನಕ್ಕ?"